ಚಿಕಿತ್ಸೆಯ ಚತುಷ್ಪಾದವೂ ಶ್ರವಣಾತೀತ ಧ್ವನಿಪರೀಕ್ಷೆಯೂ

ಧಾರವಾಡ ಜಿಲ್ಲೆಯ ಕಲಘಟಗಿ ತಾಲೂಕು ಬಯಲುಸೀಮೆಯೂ ಮಲೆನಾಡೂ ಸಂಧಿಸುವ ಎಡೆಯಲ್ಲಿರುವುದು. ಬಸವಣ್ಣನ ಗುಡಿಯುಳ್ಳ ತಂಬೂರ ಗ್ರಾಮವು ಈ ತಾಲೂಕಿಗೆ ಸೇರಿದುದು. ತಾಲೂಕಿನ ಮುಖ್ಯ ಪಟ್ಟಣವಾದ ಕಲಘಟಗಿಯು ಅರಗಿನ ಬಣ್ಣಗಳಿಂದ ಪುರಾಣಕಥೆಗಳನ್ನು ಚಿತ್ರಿಸಿದ ಮರದ ತೊಟ್ಟಿಲುಗಳಿಗೆ ಬಹುಕಾಲದಿಂದ ಹೆಸರಾಗಿದೆ. ಆ ತೊಟ್ಟಿಲಿಗೆ ಕೂಸು ಬರುವುದಕ್ಕೆ ಮುಂಚೆ ಬಸುರಿಯಾದ ಹೆಣ್ಣುಮಗಳು ಇಂದು ಪ್ರಾಯಶಃ ಒಂದು ಕತ್ತಲೆಯ ಕೋಣೆಯನ್ನು ಹೊಕ್ಕು ಬರುತ್ತಾಳೆ. ದವಾಖಾನೆಯ ಸ್ಕ್ಯಾನಿಂಗ್ ಕೋಣೆಯೇ ಅದು. ಅಲ್ಲಿ ಪರದೆಯ ಮೇಲೆ ಮೂಡುವ ಚಿತ್ರಕ್ಕೆ ವೈದ್ಯರೊಬ್ಬರೇ ಕರ್ತೃಗಳೆಂದೂ, ಬಳಿಯಲ್ಲಿ ನಿಂತ ಪರಿಚಾರಿಕೆಯು ಬಾಗಿಲು ತೆರೆದು ಮುಚ್ಚುವವಳೆಂದೂ ಸಾಮಾನ್ಯರ ಎಣಿಕೆ. ಈ ಎಣಿಕೆಯು ಪ್ರಾಚೀನ ವೈದ್ಯಶಾಸ್ತ್ರದ ಮತಕ್ಕೂ, ಧ್ವನಿಪರೀಕ್ಷೆಯ ಚರಿತ್ರೆಗೂ, ನಿತ್ಯಾನುಭವಕ್ಕೂ ಒಪ್ಪುವುದೇ ಎಂಬುದನ್ನು ವಿವೇಚಿಸುವುದು ಪ್ರಕೃತ ಲೇಖನದ ಉದ್ದೇಶ.

೧. ಶಬ್ದವಿಚಾರ

'ವೈದ್ಯ' ಶಬ್ದವು ವಿದ್ಯಾಶಬ್ದದಿಂದ ನಿಷ್ಪನ್ನವಾದುದು. ವಿದ್ಯೆಯನ್ನು ಬಲ್ಲವನೆಂಬುದೇ ಅದರ ಯೋಗಾರ್ಥ. ರೋಗಿಯ ಸೇವೆಗೆ ರೂಢವಾಗಿರುವ 'ಶುಶ್ರೂಷೆ' ಎಂಬ ಶಬ್ದದ ವ್ಯುತ್ಪತ್ತಿಯು ಹೆಚ್ಚು ಅವಲೋಕನೀಯವಾಗಿದೆ. ಶ್ರು ಧಾತುವಿಗೆ ಇಚ್ಛಾರ್ಥದಲ್ಲಿ ಸನ್ ಪ್ರತ್ಯಯವು ಸೇರಿ ಆದ ರೂಪವಿದು; ಕೇಳಬೇಕೆಂಬ ಇಚ್ಛೆಯೆಂಬುದು ಇದರ ಮೂಲಾರ್ಥ. ಗುರುವಿನ ಮಾತನ್ನು ಕೇಳಲೆಳಸಿ ಬಳಿಯಲ್ಲಿರುವ ಶಿಷ್ಯನು ಗುರುಸೇವೆಯನ್ನೂ ಮಾಡುತ್ತಿದ್ದುದರಿಂದ ಆ ಶಬ್ದಕ್ಕೆ ಸೇವೆಯೆಂಬ ಅರ್ಥವು ಬಂದಿತು; ಅಲ್ಲಿಂದ ರೋಗಿಯ ಪರಿಚರ್ಯೆಗೂ ಸಂಕ್ರಮಿಸಿತು. ಕನ್ನಡದ 'ದಾದಿ'ಯು ಧಾತ್ರೀಶಬ್ದದ ತದ್ಭವ. ಹಾಲೂಡಿಸುವ ಸಾಕುತಾಯಿಯೆಂಬ ಅರ್ಥದಿಂದ ಹೊರಟು ಅದು ಆಸ್ಪತ್ರೆಯ ಪರಿಚಾರಿಕೆಯವರೆಗೆ ವಿಸ್ತಾರಗೊಂಡಿದೆ. 'ಸೂಲಗಿತ್ತಿ'ಯಾದರೋ ಅಚ್ಚ ದೇಶ್ಯ. ಸೂಲೆಂದರೆ ಹೆರಿಗೆ, ಗಿತ್ತಿಯೆಂಬುದು ಒಕ್ಕಲಗಿತ್ತಿ ಮೊದಲಾದವುಗಳಲ್ಲಿ ಕಾಣುವ ಸ್ತ್ರೀವಾಚಕ ಪ್ರತ್ಯಯ.

ಮನುಷ್ಯನ ಕಿವಿಯು ಸೆಕೆಂಡಿಗೆ ಹೆಚ್ಚೆಂದರೆ ೨೦,೦೦೦ ಕಂಪನಗಳುಳ್ಳ ಧ್ವನಿಯನ್ನು ಗ್ರಹಿಸಬಲ್ಲುದು. ರೋಗಪರೀಕ್ಷೆಯಲ್ಲಿ ಸಾಮಾನ್ಯವಾಗಿ ೨೦ ಲಕ್ಷದಿಂದ ೧೫೦ ಲಕ್ಷದವರೆಗಿನ ಕಂಪನಗಳುಳ್ಳ ಧ್ವನಿಯನ್ನು ಉಪಯೋಗಿಸುವುದರಿಂದ ಇದಕ್ಕೆ ಶ್ರವಣಾತೀತ ಧ್ವನಿಯೆಂಬ ಹೆಸರು ಅನ್ವರ್ಥವಾಗಿದೆ. ಈ ಧ್ವನಿಯು ಶರೀರದ ಮೃದುಧಾತುಗಳಲ್ಲಿ ಸೆಕೆಂಡಿಗೆ ಸರಾಸರಿ ೧,೫೪೦ ಮೀಟರು ವೇಗದಿಂದ ಚಲಿಸಿ, ಒಂದು ಧಾತುವಿನ ಅಂಚಿನಿಂದ ಮತ್ತೊಂದಕ್ಕೆ ದಾಟುವಾಗ ಅಂಶತಃ ಪ್ರತಿಧ್ವನಿಯಾಗಿ ಹಿಂದಿರುಗುವುದು. ಹಿಂದಿರುಗಲು ಹಿಡಿದ ಕಾಲದಿಂದ ಆಳವನ್ನು ಗಣಿಸಿ ಯಂತ್ರವು ಚಿತ್ರವನ್ನು ರಚಿಸುತ್ತದೆ. ಗಾಳಿಯ ತೆಳುಪದರವೂ ಧ್ವನಿಯನ್ನು ತಡೆಯುವುದರಿಂದ ಹೊಟ್ಟೆಗೆ ಜೆಲ್ ಸವರಿ, ಪ್ರೋಬೆಂಬ ಕೈಯುಪಕರಣವನ್ನು ಅದರ ಮೇಲೆ ಒತ್ತಿ ಸರಿಸಬೇಕು. ಇಂದಿನ ಯಂತ್ರಗಳಲ್ಲಿ ಚಿತ್ರವು ಕೈಯೊಡನೆ ಚಲಿಸುವುದು. ಕೈಯನ್ನು ತೆಗೆದೊಡನೆ ಜೀವಂತ ಚಿತ್ರವೂ ಇಲ್ಲವಾಗುವುದು. ಉಳಿಯತಕ್ಕುದು ಆ ಸಮಯದಲ್ಲಿ ಆಯ್ದಿಟ್ಟ ಕೆಲವು ಪಟಗಳು ಮತ್ತು ಬರೆದಿಟ್ಟ ವರದಿ. ಈ ಅಂಶವನ್ನು ಮುಂದಿನ ವಿಚಾರಕ್ಕಾಗಿ ನೆನಪಿನಲ್ಲಿಡಬೇಕು.

೨. ಶಾಸ್ತ್ರಗಳಲ್ಲಿ ಪರಿಚಾರಕನ ಸ್ಥಾನ

ಚರಕಸಂಹಿತೆಯ ಸೂತ್ರಸ್ಥಾನದ ಒಂಬತ್ತನೆಯ ಅಧ್ಯಾಯವು ಚಿಕಿತ್ಸೆಗೆ ನಾಲ್ಕು ಪಾದಗಳನ್ನು ಹೇಳುತ್ತದೆ: ವೈದ್ಯ, ದ್ರವ್ಯ, ಪರಿಚಾರಕ, ರೋಗಿ. ಒಂದೊಂದು ಪಾದಕ್ಕೂ ನಾಲ್ಕು ನಾಲ್ಕು ಗುಣಗಳನ್ನು ವಿಧಿಸಿ, ಒಟ್ಟು ಹದಿನಾರು ಗುಣಗಳ ಸಮವಾಯದಿಂದಲೇ ಚಿಕಿತ್ಸೆಯು ಸಿದ್ಧಿಸುವುದೆಂದು ಅಲ್ಲಿ ನಿರ್ಣಯಿಸಿದೆ. ವೈದ್ಯನೇ ಪ್ರಧಾನನೆಂಬುದನ್ನು ಸಂಹಿತೆಯು ಮರೆಮಾಚುವುದಿಲ್ಲ. ಕುಂಬಾರನಿಲ್ಲದೆ ಮಣ್ಣು, ಚಕ್ರ, ಕೋಲುಗಳಿಂದ ಗಡಿಗೆಯಾಗದ ಹಾಗೆ ವೈದ್ಯನಿಲ್ಲದೆ ಉಳಿದ ಮೂರರಿಂದ ಆರೋಗ್ಯವಾಗದೆಂಬ ಅಭಿಪ್ರಾಯವು ಅಲ್ಲಿಯೇ ಇದೆ. ಈ ದೃಷ್ಟಾಂತವೊಂದನ್ನೇ ಹಿಡಿದು ಪರಿಚಾರಕನನ್ನು ಮಣ್ಣು-ಕೋಲುಗಳ ಸಾಲಿಗೆ ಸೇರಿಸುವವರುಂಟು.

ಗುಣಗಳ ಪಟ್ಟಿಯನ್ನು ಸೂಕ್ಷ್ಮವಾಗಿ ಪರಿಶೀಲಿಸಿದರೆ ಬೇರೊಂದು ಅರ್ಥವು ವಿದಿತವಾಗುವುದು. ವೈದ್ಯನಿಗೆ ವಿಹಿತವಾದ ನಾಲ್ಕು ಗುಣಗಳು: ಶಾಸ್ತ್ರದಲ್ಲಿ ನಿರ್ಮಲವಾದ ಜ್ಞಾನ, ಹಲವು ಸಲ ಕರ್ಮವನ್ನು ಕಂಡ ಅನುಭವ, ದಾಕ್ಷ್ಯ, ಶೌಚ. ಪರಿಚಾರಕನಿಗೆ ವಿಹಿತವಾದವು: ಉಪಚಾರಜ್ಞತೆ, ದಾಕ್ಷ್ಯ, ಒಡೆಯನಲ್ಲಿ ಅನುರಾಗ, ಶೌಚ. ನಾಲ್ಕರಲ್ಲಿ ಎರಡು, ಎಂದರೆ ದಾಕ್ಷ್ಯ ಮತ್ತು ಶೌಚಗಳು, ಇಬ್ಬರಿಗೂ ಸಮಾನ. ದ್ರವ್ಯಕ್ಕಾಗಲಿ ರೋಗಿಗಾಗಲಿ ವಿಧಿಸಿದ ಗುಣಗಳಲ್ಲಿ ಈ ಎರಡೂ ಇಲ್ಲ. ವಾಗ್ಭಟನು ಅಷ್ಟಾಂಗಹೃದಯದಲ್ಲಿ ಗುಣಗಳನ್ನು ಬೇರೆ ಕ್ರಮದಿಂದ ಎಣಿಸಿದರೂ ದಕ್ಷತೆ ಮತ್ತು ಶುಚಿತ್ವಗಳನ್ನು ವೈದ್ಯ-ಪರಿಚಾರಕರಿಬ್ಬರಿಗೂ ಹೇಳಿರುವುದರಿಂದ, ಚರಕಸಂಹಿತೆಯಲ್ಲಿ ಈ ಸಾಮ್ಯವು ಆಕಸ್ಮಿಕವಾಗಿ ಬಂದುದೆನ್ನಲಾಗದು. ಶಾಸ್ತ್ರಜ್ಞಾನದಲ್ಲಿ ಭೇದವೂ, ಕರ್ಮಕೌಶಲ ಹಾಗೂ ನೈರ್ಮಲ್ಯಗಳಲ್ಲಿ ಅಭೇದವೂ ಶಾಸ್ತ್ರಕಾರರ ಸಮ್ಮತಿಯೆಂದು ಇದರಿಂದ ಸ್ಪಷ್ಟವಾಗುತ್ತದೆ.

ಸುಶ್ರುತಸಂಹಿತೆಯು ಪರಿಚಾರಕನಿಗೆ ಸ್ನೇಹಶೀಲತೆ, ಜುಗುಪ್ಸೆಯಿಲ್ಲದಿರುವಿಕೆ, ಬಲ, ರೋಗಿಯ ರಕ್ಷಣೆಯಲ್ಲಿ ತತ್ಪರತೆ, ವೈದ್ಯವಾಕ್ಯಪಾಲನೆ, ಆಯಾಸಗೊಳ್ಳದಿರುವಿಕೆ ಇವುಗಳನ್ನು ವಿಧಿಸಿದೆ. ರೋಗಿಯನ್ನು ಕಾಯುವುದು ಇಲ್ಲಿ ವೈದ್ಯನ ಮಾತನ್ನು ನಡೆಸುವುದರಿಂದ ಬೇರೆಯಾದ ಗುಣವಾಗಿ ಪರಿಗಣಿತವಾಗಿರುವುದನ್ನು ಗಮನಿಸಬೇಕು. ಇನ್ನು ಚರಕಸಂಹಿತೆಯ ಶಾರೀರಸ್ಥಾನದಲ್ಲಿ ಸೂತಿಕಾಗೃಹವನ್ನು ವರ್ಣಿಸುವಾಗ, ಹಲವು ಬಾರಿ ಹೆತ್ತ, ಸೌಹಾರ್ದವುಳ್ಳ, ಎದೆಗುಂದದ, ಕ್ಲೇಶವನ್ನು ಸಹಿಸಬಲ್ಲ ಸ್ತ್ರೀಯರು ಗರ್ಭಿಣಿಯ ಸುತ್ತ ಇರಬೇಕೆಂದು ಹೇಳಿದೆ. ರೋಗಿಯ ಗುಣಗಳಲ್ಲಿ ಒಂದಾದ ಜ್ಞಾಪಕತ್ವ, ಎಂದರೆ ತನ್ನ ಬಾಧೆಯನ್ನು ತಿಳಿಸಬಲ್ಲ ಶಕ್ತಿಯು, ಇಂತಹ ಆಪ್ತಸ್ತ್ರೀಯರ ಸನ್ನಿಧಿಯಲ್ಲಿಯೇ ಪೂರ್ಣವಾಗಿ ಪ್ರಕಟವಾಗುವುದೆಂಬುದು ಲೋಕಾನುಭವ.

೩. ಶಾಸನಗಳ ಸಾಕ್ಷ್ಯ

ಶಾಸ್ತ್ರದಲ್ಲಿ ವಿಹಿತವಾದುದು ಲೋಕದಲ್ಲಿ ಆಚರಿತವಾಗಿತ್ತೇ ಎಂಬ ಪ್ರಶ್ನೆಗೆ ಶಾಸನಗಳು ಉತ್ತರ ಕೊಡುತ್ತವೆ. ಕನ್ನಡನಾಡಿನಲ್ಲಿ ಬಳ್ಳಿಗಾವೆಯ ಕೋಡಿಯಮಠವನ್ನು ಕುರಿತ ಕ್ರಿ. ಶ. ೧೧೬೨ರ ಶಾಸನವು ಆ ಮಠವನ್ನು ವಿದ್ಯಾಸ್ಥಾನವೆಂದು ಹೊಗಳುವುದರ ಜತೆಗೆ, ಅನಾಥರಾದ ರೋಗಿಗಳಿಗೆ ಚಿಕಿತ್ಸೆ ನಡೆಯುವ ಎಡೆಯೆಂದೂ ವರ್ಣಿಸುತ್ತದೆ. ಆಂಧ್ರದೇಶದ ಮಲ್ಕಾಪುರದ ಕ್ರಿ. ಶ. ೧೨೬೧ರ ಶಾಸನದಲ್ಲಿ, ಕಾಕತೀಯ ರುದ್ರಮದೇವಿಯ ಕಾಲದಲ್ಲಿ ಗೋಳಕೀ ಮಠದ ವಿಶ್ವೇಶ್ವರ ಶಂಭುವಿನ ಆಶ್ರಯದಲ್ಲಿ ನಡೆದ ಆರೋಗ್ಯಶಾಲೆಯೊಡನೆ ಪ್ರಸೂತಿಶಾಲೆಯೂ ಉಕ್ತವಾಗಿದೆ. ಹೆರಿಗೆಗೆಂದೇ ಪ್ರತ್ಯೇಕವಾದ ಶಾಲೆಯಿದ್ದಲ್ಲಿ ಅದನ್ನು ನಡೆಸುವ ಸ್ತ್ರೀಯರೂ ಇದ್ದಿರಬೇಕೆಂದು ಊಹಿಸಬಹುದು.

ಪರಿಚಾರಿಕೆಯರನ್ನು ಸ್ಪಷ್ಟವಾಗಿ ಎಣಿಸುವುದು ತಮಿಳುದೇಶದ ತಿರುಮುಕ್ಕೂಡಲ್ ಶಾಸನ. ಚೋಳರಾಜನಾದ ವೀರರಾಜೇಂದ್ರನ ಕಾಲದ, ಕ್ರಿ. ಶ. ೧೦೬೮ರ ಸುಮಾರಿನ ಈ ಶಾಸನದಲ್ಲಿ ದೇವಾಲಯಕ್ಕೆ ಸೇರಿದ ೧೫ ಹಾಸಿಗೆಗಳ ಆತುರಶಾಲೆಯೊಂದರ ಸಿಬ್ಬಂದಿಯ ಲೆಕ್ಕವಿದೆ. ಒಬ್ಬ ವೈದ್ಯ, ಒಬ್ಬ ಶಸ್ತ್ರವೈದ್ಯ, ಮೂಲಿಕೆಗಳನ್ನು ತರುವವರಿಬ್ಬರು, ರೋಗಿಗಳನ್ನು ನೋಡಿಕೊಳ್ಳುವ ಸ್ತ್ರೀಯರಿಬ್ಬರು, ಇವರಲ್ಲದೆ ಬೇರೆ ಸೇವಕರಿಗೂ ಜೀವಿತವು ಗೊತ್ತುಪಡಿಸಲ್ಪಟ್ಟಿದೆ. ವೈದ್ಯನ ಹೆಸರು ಕೋದಂಡರಾಮ ಅಶ್ವತ್ಥಾಮ ಭಟ್ಟನೆಂದು ಶಾಸನವು ಹೇಳುತ್ತದೆ. ಸ್ತ್ರೀಯರಿಬ್ಬರು ಸಂಖ್ಯೆಯಲ್ಲಿಯೇ ಉಳಿದುಕೊಂಡಿದ್ದಾರೆ.

ಗ್ರಂಥಗಳ ವಿಷಯದಲ್ಲಿಯೂ ಇದೇ ರೀತಿ. ಕನ್ನಡದಲ್ಲಿ ವೈದ್ಯವಾಙ್ಮಯವು ವಿರಳವಲ್ಲ. ಜಗದ್ದಳ ಸೋಮನಾಥನ ಕರ್ಣಾಟಕ ಕಲ್ಯಾಣಕಾರಕ, ಚಾಲುಕ್ಯವಂಶದ ಕೀರ್ತಿವರ್ಮನ ಗೋವೈದ್ಯ, ಹದಿನಾಲ್ಕನೆಯ ಶತಮಾನದ ಮಂಗರಾಜನ ಖಗೇಂದ್ರಮಣಿದರ್ಪಣ ಇವು ಪಂಡಿತರಿಗೆ ಸುಪರಿಚಿತ. ಇವೆಲ್ಲ ಬಲ್ಲವರು ಬರೆದಿಟ್ಟ ವಿದ್ಯೆ. ಸೂಲಗಿತ್ತಿಯ ವಿದ್ಯೆಯಾದರೋ ತಾಯಿಯಿಂದ ಮಗಳಿಗೆ, ಅತ್ತೆಯಿಂದ ಸೊಸೆಗೆ ಕೈಯಿಂದ ಕೈಗೆ ಬಂದುದು; ಓಲೆಗೆ ಏರಲಿಲ್ಲ. ಪಾವಗಡ ತಾಲೂಕಿನ ಸೂಲಗಿತ್ತಿ ನರಸಮ್ಮನವರಿಗೆ ೨೦೧೮ರಲ್ಲಿ ಪದ್ಮಶ್ರೀ ಪ್ರಶಸ್ತಿಯು ಸಂದುದು ಈ ಅಲಿಖಿತ ಪರಂಪರೆಗೆ ತಡವಾಗಿ ದೊರೆತ ಮನ್ನಣೆ.

೪. ಆಧುನಿಕ ಶುಶ್ರೂಷಾವೃತ್ತಿ

ಆಂಗ್ಲರ ಆಳ್ವಿಕೆಯಲ್ಲಿ ಧಾರವಾಡ ಜಿಲ್ಲೆಯು ಮುಂಬಯಿ ಇಲಾಖೆಗೆ ಸೇರಿತ್ತು. ಸ್ತ್ರೀಯರ ವೈದ್ಯಸಹಾಯಕ್ಕಾಗಿ ೧೮೮೫ರಲ್ಲಿ ಹುಟ್ಟಿದ ಡಫರಿನ್ ನಿಧಿಯು ಸ್ತ್ರೀವೈದ್ಯರೊಡನೆ ದಾದಿಯರ ಮತ್ತು ಸೂಲಗಿತ್ತಿಯರ ಶಿಕ್ಷಣವನ್ನೂ ತನ್ನ ಉದ್ದೇಶಗಳಲ್ಲಿ ಸೇರಿಸಿಕೊಂಡಿತ್ತು. ಅಂದು ಧಾರವಾಡ ಜಿಲ್ಲೆಗೇ ಸೇರಿದ್ದ ಗದಗ-ಬೆಟಗೇರಿಯಲ್ಲಿ ಬಾಸೆಲ್ ಮಿಶನ್ನಿನವರ ಆಸ್ಪತ್ರೆಯು ಇಪ್ಪತ್ತನೆಯ ಶತಮಾನದ ಆರಂಭದಿಂದ ಈ ಭಾಗದ ರೋಗಿಗಳಿಗೆ ಆಶ್ರಯವಾಯಿತು. ಪರಿಚಾರಿಕೆಯರ ಅಖಿಲ ಭಾರತ ಸಂಘವು ೧೯೦೮ರಲ್ಲಿ ಸ್ಥಾಪಿತವಾಯಿತು. ೧೯೩೫ರ ಮುಂಬಯಿ ಕಾಯಿದೆಯಿಂದ ಅವರ ನೋಂದಣಿಗೆ ಆಧಾರ ದೊರೆಯಿತು. ೧೯೪೭ರಲ್ಲಿ ಭಾರತೀಯ ಶುಶ್ರೂಷಾ ಪರಿಷತ್ತಿನ ಕಾಯಿದೆಯೂ, ಏಕೀಕರಣದ ಬಳಿಕ ೧೯೬೧ರಲ್ಲಿ ರಾಜ್ಯದ ಕಾಯಿದೆಯೂ, ೨೦೨೩ರಲ್ಲಿ ರಾಷ್ಟ್ರೀಯ ಶುಶ್ರೂಷೆ ಮತ್ತು ಪ್ರಸೂತಿಸೇವಾ ಆಯೋಗದ ಕಾಯಿದೆಯೂ ಬಂದುವು. ಹುಬ್ಬಳ್ಳಿಯಲ್ಲಿ ೧೯೫೭ರಲ್ಲಿ ಆರಂಭವಾಗಿ ಮುಂದೆ ಕಿಮ್ಸ್ ಎಂದು ಹೆಸರಾದ ವೈದ್ಯಕೀಯ ಮಹಾವಿದ್ಯಾಲಯವು ಉತ್ತರ ಕರ್ನಾಟಕದ ರೋಗಿಗಳಿಗೆ ಕೊನೆಯ ಆಸರೆಯಾಗಿ ಬೆಳೆಯಿತು. ಹೀಗೆ ಶಾಸ್ತ್ರೋಕ್ತವಾದ ಮೂರನೆಯ ಪಾದವು ಶಿಕ್ಷಣವನ್ನೂ ನೋಂದಣಿಯನ್ನೂ ಪಡೆದು ವೃತ್ತಿಯಾಗಿ ಮಾರ್ಪಟ್ಟಿತು.

೫. ಧ್ವನಿಪರೀಕ್ಷೆಯ ಉದ್ಭವ

ಕೆಲವು ಸ್ಫಟಿಕಗಳನ್ನು ಒತ್ತಿದರೆ ವಿದ್ಯುತ್ತು ಹುಟ್ಟುವುದೆಂಬುದನ್ನು ಫ್ರಾನ್ಸಿನ ಜಾಕ್ ಮತ್ತು ಪಿಯೆರ್ ಕ್ಯೂರಿ ಸೋದರರು ೧೮೮೦ರಲ್ಲಿ ಕಂಡುಹಿಡಿದರು. ಮೊದಲನೆಯ ಮಹಾಯುದ್ಧದ ಕಾಲದಲ್ಲಿ ಪೌಲ್ ಲಾಂಜೆವಿನ್ ಎಂಬ ವಿಜ್ಞಾನಿಯು ಈ ತತ್ತ್ವವನ್ನು ಸಮುದ್ರದೊಳಗಿನ ಜಲಾಂತರ್ಗಾಮಿಗಳನ್ನು ಪತ್ತೆಹಚ್ಚಲು ಪ್ರಯೋಗಿಸಿದನು. ರೋಗನಿರ್ಣಯಕ್ಕೆ ಇದನ್ನು ಬಳಸಲು ಆಸ್ಟ್ರಿಯಾದ ಕಾರ್ಲ್ ಡುಸ್ಸಿಕ್ ಮಾಡಿದ ಯತ್ನವು ೧೯೪೨ರಲ್ಲಿ ಪ್ರಕಟವಾಯಿತು. ಪ್ರಸೂತಿಶಾಸ್ತ್ರದಲ್ಲಿ ಇದು ನೆಲೆಗೊಂಡುದು ಸ್ಕಾಟ್ಲೆಂಡಿನ ಗ್ಲಾಸ್ಗೋ ನಗರದಲ್ಲಿ. ಅಲ್ಲಿ ಪ್ರಾಧ್ಯಾಪಕನಾಗಿದ್ದ ಇಯಾನ್ ಡೊನಾಲ್ಡನು ಲೋಹದ ಬಿರುಕುಗಳನ್ನು ಹುಡುಕುವ ಕಾರ್ಖಾನೆಯ ಯಂತ್ರವನ್ನು ೧೯೫೫ರಲ್ಲಿ ಶಸ್ತ್ರಕ್ರಿಯೆಯಿಂದ ಹೊರತೆಗೆದ ಗಡ್ಡೆಗಳ ಮೇಲೆ ಪ್ರಯೋಗಿಸಿ ನೋಡಿದನು. ಅನಂತರ ವೈದ್ಯನಾದ ಜಾನ್ ಮ್ಯಾಕ್‌ವಿಕರ್, ಯಂತ್ರಶಿಲ್ಪಿಯಾದ ಟಾಮ್ ಬ್ರೌನ್ ಇವರೊಡನೆ ಕೂಡಿ ೧೯೫೮ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ತನ್ನ ಪ್ರಸಿದ್ಧ ಲೇಖನವನ್ನು ಪ್ರಕಟಿಸಿದನು.

ಈ ಮೂವರ ಹೆಸರುಗಳು ಎಲ್ಲ ಚರಿತ್ರೆಗಳಲ್ಲಿಯೂ ದೊರೆಯುತ್ತವೆ. ಅಷ್ಟಾಗಿ ದೊರೆಯದ ನಾಲ್ಕನೆಯ ಹೆಸರು ಗ್ಲಾಸ್ಗೋದ ಹಿರಿಯ ಪರಿಚಾರಿಕೆಯಾದ ಮಾರ್ಜರಿ ಮಾರ್ ಎಂಬಾಕೆಯದು. ಗರ್ಭಸ್ಥ ಶಿಶುವಿನ ತಲೆಯಿಂದ ಸ್ಪಷ್ಟವಾದ ಪ್ರತಿಧ್ವನಿಯು ಬರುವುದೆಂಬುದು ೧೯೫೯ರ ಸುಮಾರಿಗೆ ಡೊನಾಲ್ಡನ ಬಳಗಕ್ಕೆ ತಿಳಿದುಬಂದಿತ್ತು. ವೈದ್ಯರು ವಾರ್ಡಿಗೆ ಬಂದು ಶಿಶುವಿನ ತಲೆಯು ಯಾವ ಕಡೆಗಿದೆಯೆಂದು ಕೇಳುವ ಮೊದಲೇ, ಕೈಯಿಂದ ಮುಟ್ಟಿ ನಿರ್ಣಯಿಸಿದುದು ತಪ್ಪಾಗದಿರಲೆಂದು, ಈಕೆಯು ಆ ಯಂತ್ರದಿಂದ ಪರೀಕ್ಷಿಸಿ ನಿಶ್ಚಯಮಾಡಿಕೊಳ್ಳುತ್ತಿದ್ದಳೆಂಬುದು ಆ ಕಾಲದ ವೃತ್ತಾಂತಗಳಲ್ಲಿ ಉಕ್ತವಾಗಿದೆ. ಶಿಶುವಿನ ತಲೆಯ ಅಗಲವನ್ನು ಧ್ವನಿಯಿಂದ ಅಳೆಯುವ ಕ್ರಮವನ್ನು ಅದೇ ಬಳಗದ ಜೇಮ್ಸ್ ವಿಲ್ಲಾಕ್ಸ್ ೧೯೬೦ರ ದಶಕದ ಆರಂಭದಲ್ಲಿ ಬೆಳೆಸಿದನು. ಸ್ಟುವರ್ಟ್ ಕ್ಯಾಂಪ್‌ಬೆಲ್ ೧೯೬೮ರಲ್ಲಿ ಅದನ್ನು ಪರಿಷ್ಕರಿಸಿದನು. ಎಳೆಯ ಗರ್ಭದ ಉದ್ದದಿಂದ ದಿನಗಳನ್ನು ನಿರ್ಣಯಿಸುವ ಕ್ರಮವನ್ನು ಹ್ಯೂ ರಾಬಿನ್‌ಸನ್ ೧೯೭೩ರಲ್ಲಿ ಪ್ರಕಟಿಸಿದನು. ಇಂದು ಕಲಘಟಗಿಯ ಗರ್ಭಿಣಿಯ ವರದಿಯಲ್ಲಿ ಬರೆಯುವ ಅಳತೆಗಳು ಈ ಪರಂಪರೆಯವೇ. ಆ ಪರಂಪರೆಯ ಮೊದಲ ಹೆಜ್ಜೆಗಳಲ್ಲಿ ಪರಿಚಾರಿಕೆಯೊಬ್ಬಳ ದಾಕ್ಷ್ಯವೂ ಸೇರಿತ್ತೆಂಬುದು ಸ್ಮರಣೀಯ.

೬. ಕರ್ಮವಿಭಾಗ

ತಂಬೂರಿನಂತಹ ಗ್ರಾಮದ ಗರ್ಭಿಣಿಯು ಪರೀಕ್ಷೆಗಾಗಿ ಕಲಘಟಗಿಗೆ, ಅಲ್ಲಿ ಸಾಲದಿದ್ದರೆ ಹುಬ್ಬಳ್ಳಿ-ಧಾರವಾಡಗಳಿಗೆ ಹೋಗಬೇಕು. ಅವಳೊಡನೆ ಅತ್ತೆಯೋ ತಾಯಿಯೋ ಊರಿನ ಆಶಾ ಕಾರ್ಯಕರ್ತೆಯೋ ಇರುತ್ತಾಳೆ. ೨೦೧೧ರಿಂದ ಜಾರಿಯಲ್ಲಿರುವ ಜನನಿ-ಶಿಶು ಸುರಕ್ಷಾ ಕಾರ್ಯಕ್ರಮದ ಮೇರೆಗೆ ಸರಕಾರಿ ಆಸ್ಪತ್ರೆಗಳಲ್ಲಿ ಗರ್ಭಿಣಿಯ ಪರೀಕ್ಷೆಗಳಿಗೆ ಹಣ ಕೊಡಬೇಕಾಗಿಲ್ಲ. ಪ್ರತಿ ತಿಂಗಳ ೯ನೆಯ ತಾರೀಖು ಗರ್ಭಿಣಿಯರನ್ನು ವೈದ್ಯರಿಂದ ಪರೀಕ್ಷೆಮಾಡಿಸುವ ಅಭಿಯಾನವು ೨೦೧೬ರಲ್ಲಿ ಆರಂಭವಾಯಿತು. ೨೪ ವಾರಗಳೊಳಗೆ ಒಮ್ಮೆಯಾದರೂ ಧ್ವನಿಪರೀಕ್ಷೆಯಾಗಬೇಕೆಂದು ವಿಶ್ವ ಆರೋಗ್ಯ ಸಂಸ್ಥೆಯು ಅದೇ ವರ್ಷ ಸೂಚಿಸಿತು.

ಪರೀಕ್ಷೆಯು ಪ್ರೋಬನ್ನು ಮುಟ್ಟುವುದಕ್ಕಿಂತ ಮುಂಚೆಯೇ ಆರಂಭವಾಗುವುದು. ಕಡೆಯ ಮುಟ್ಟು ಎಂದಾಯಿತೆಂಬ ಪ್ರಶ್ನೆಯೇ ಮೊದಲನೆಯದು. ಗರ್ಭದ ಅವಧಿಯನ್ನು ಆ ದಿನದಿಂದ ೨೮೦ ದಿನಗಳೆಂದು ಎಣಿಸುವುದು ಸಂಪ್ರದಾಯ. ಗ್ರಾಮೀಣ ಸ್ತ್ರೀಯರಲ್ಲಿ ಹಲವರು ಇಂಗ್ಲಿಷು ತಾರೀಖನ್ನು ಹೇಳರು; ಕಾರಹುಣ್ಣಿವೆಯ ಹಿಂದುಮುಂದು ಎನ್ನುವರು, ಇಲ್ಲವೆ ಮಣ್ಣೆತ್ತಿನ ಅಮಾವಾಸ್ಯೆ ಎನ್ನುವರು. ಈ ಎರಡು ಹಬ್ಬಗಳ ನಡುವೆ ಅರ್ಧ ತಿಂಗಳ ಅಂತರವಿದೆ. ಕೇಳುವವಳು ಒಂದನ್ನು ಇನ್ನೊಂದೆಂದು ಬರೆದುಕೊಂಡರೆ, ಎಳೆಯ ತಿಂಗಳುಗಳಲ್ಲಿ ಪರೀಕ್ಷೆಯಾಗದ ಗರ್ಭಿಣಿಯ ವಿಷಯದಲ್ಲಿ, ಚೆನ್ನಾಗಿ ಬೆಳೆದ ಶಿಶುವು ಎರಡು ವಾರ ಹಿಂದುಳಿದಂತೆ ಕಾಣುವುದು; ಹಿಂದುಳಿದ ಶಿಶುವು ಸರಿಯಾಗಿದ್ದಂತೆ ತೋರುವುದು. ಯಂತ್ರವು ಅಳೆಯುವುದು ಉದ್ದ-ಅಗಲಗಳನ್ನು. ಆ ಅಳತೆಯು ಬೆಳವಣಿಗೆಯ ಕೊರತೆಯೋ ಎಣಿಕೆಯ ದೋಷವೋ ಎಂಬುದನ್ನು ನಿರ್ಣಯಿಸಲು ತಿಥಿಯೇ ಆಧಾರ. ಆ ಸೀಮೆಯ ಮಾತನ್ನೂ ಹಬ್ಬಗಳ ಕ್ರಮವನ್ನೂ ಬಲ್ಲ ಪರಿಚಾರಿಕೆಯು ಸಾವಧಾನದಿಂದ ಕೇಳಿ ಬರೆದುಕೊಂಡ ಒಂದು ತಾರೀಖು ವೈದ್ಯರ ಸಮಸ್ತ ಗಣನೆಗೂ ಅಡಿಗಲ್ಲಾಗುವುದು. ಶುಶ್ರೂಷಾಶಬ್ದದ ಮೂಲಾರ್ಥವು ಇಲ್ಲಿ ಅಕ್ಷರಶಃ ಸಾರ್ಥಕವಾಗಿದೆ.

ಎಳೆಯ ತಿಂಗಳುಗಳಲ್ಲಿ ಹೊಟ್ಟೆಯ ಮೇಲಿಂದ ಪರೀಕ್ಷಿಸಲು ಮೂತ್ರಕೋಶವು ತುಂಬಿರಬೇಕು. ಪಿತ್ತಕೋಶವನ್ನು ನೋಡುವುದಾದರೆ ಹೊಟ್ಟೆಯು ಬರಿದಾಗಿರಬೇಕು. ಬೆಳಗ್ಗೆ ಹಳ್ಳಿಯಿಂದ ಬಸ್ಸು ಹತ್ತಿ ಬಂದವಳಿಗೆ ಇದನ್ನು ಮೊದಲೇ ತಿಳಿಸದಿದ್ದರೆ ಆ ದಿನದ ಕೂಲಿಯೂ ಪ್ರಯಾಣವೂ ವ್ಯರ್ಥ. ಪರೀಕ್ಷೆಯು ನಡೆಯುತ್ತಿರುವಾಗ ವೈದ್ಯರ ಕಣ್ಣು ಪರದೆಯಲ್ಲಿಯೂ ಮನಸ್ಸು ಅಳತೆಯಲ್ಲಿಯೂ ನೆಟ್ಟಿರುತ್ತವೆ. ತುಂಬು ಗರ್ಭಿಣಿಯು ಅಂಗಾತ ಮಲಗಿದಾಗ ಗರ್ಭಾಶಯದ ಭಾರವು ಹೃದಯಕ್ಕೆ ರಕ್ತವನ್ನೊಯ್ಯುವ ಕೆಳಗಿನ ಮಹಾಸಿರೆಯನ್ನು ಅದುಮಿ, ಬೆವರು, ಓಕರಿಕೆ, ತಲೆಸುತ್ತುಗಳು ಬರುವುದುಂಟು. ಮುಖವು ಬಿಳಿಚಿಕೊಂಡುದನ್ನು ಮೊದಲು ಕಾಣುವವಳು ಪರಿಚಾರಿಕೆ. ಒಡನೆ ಎಡಮಗ್ಗುಲಿಗೆ ಹೊರಳಿಸುವವಳೂ ಅವಳೇ. ಸುಶ್ರುತನು ಹೇಳಿದ ರೋಗಿರಕ್ಷಣತತ್ಪರತೆಯು ಇದಲ್ಲದೆ ಬೇರೆಯಲ್ಲ. ಪ್ರೋಬಿನ ಶುದ್ಧಿ, ಮೈಯ ಮರೆ, ಪುರುಷವೈದ್ಯರಿದ್ದಲ್ಲಿ ಸ್ತ್ರೀಸಾನ್ನಿಧ್ಯ ಇವೂ ಅವಳ ಹೊಣೆಗೆ ಸೇರಿದುವು.

ಪರೀಕ್ಷೆಯು ಮುಗಿದ ಮೇಲೆ ಬರವಣಿಗೆಯ ಕಾರ್ಯವು ಉಳಿಯುವುದು. ಜೀವಂತ ಚಿತ್ರವು ಕೈಯೊಡನೆ ಮರೆಯಾಗುವುದೆಂದು ಮೇಲೆ ಹೇಳಿದೆ. ವೈದ್ಯರು ಹೇಳಿದ ಅಳತೆಯನ್ನು ಬರೆದುಕೊಳ್ಳುವವರು ಅದನ್ನು ತಿರುಗಿ ಓದಿ ಒಪ್ಪಿಸಬೇಕು. ವರದಿಯು ಗರ್ಭಿಣಿಯ ತಾಯಿಕಾರ್ಡಿನೊಡನೆ ಸೇರಬೇಕು. ಈ ನಾಡಿನಲ್ಲಿ ಕುಬಸವಾದ ಬಳಿಕ ಚೊಚ್ಚಲ ಬಸುರಿಯು ತವರಿಗೆ ಹೋಗುವಳು. ತಂಬೂರಿನ ಸೊಸೆಯು ಕುಂದಗೋಳದ ಅಥವಾ ನವಲಗುಂದದ ಕಡೆಯ ಮಗಳಾಗಿದ್ದರೆ, ಕಲಘಟಗಿಯಲ್ಲಿ ಕಂಡುದು ಅಲ್ಲಿ ಹೆರಿಗೆ ಮಾಡಿಸುವವರಿಗೆ ತಿಳಿಯುವುದು ಆ ಕಾಗದದಿಂದಲೇ. ಮಾಸು ಗರ್ಭಾಶಯದ ಬಾಯಿಗೆ ಅಡ್ಡವಾಗಿ ಕೂತಿದೆಯೆಂದು ವೈದ್ಯರು ಕಂಡಿದ್ದರೂ, ಆ ಸಂಗತಿಯು ತವರೂರಿನ ದಾದಿಯನ್ನು ಮುಟ್ಟದಿದ್ದರೆ, ಹೆರಿಗೆಯ ಹೊತ್ತಿನ ರಕ್ತಸ್ರಾವಕ್ಕೆ ಮೊದಲೇ ಸಿದ್ಧತೆಯಿರುವುದಿಲ್ಲ. ಮುಟ್ಟಿದರೆ ಹುಬ್ಬಳ್ಳಿಯ ದೊಡ್ಡ ಆಸ್ಪತ್ರೆಗೆ ಮುಂಚಿತವಾಗಿ ಕಳುಹಿಸಿ, ರಕ್ತವನ್ನು ಒದಗಿಸಿಟ್ಟುಕೊಳ್ಳಬಹುದು. ಕಾಣುವ ಕಾರ್ಯ ಒಬ್ಬರದು, ಕಂಡುದನ್ನು ತಲಪಿಸುವ ಕಾರ್ಯ ಇನ್ನೊಬ್ಬರದು. ತಾಯಿಯ ಪ್ರಾಣವು ಎರಡನ್ನೂ ಅವಲಂಬಿಸಿದೆ.

೭. ಶೌಚವಿಚಾರ

ದಾಕ್ಷ್ಯವು ಹೀಗೆ ಉಭಯಸಾಮಾನ್ಯವಾದರೆ ಶೌಚವು ಇನ್ನೂ ಗಂಭೀರವಾದುದು. ಪುತ್ರಾಪೇಕ್ಷೆಯು ಪ್ರಾಚೀನವಾದುದೆಂಬುದನ್ನು ಅಲ್ಲಗಳೆಯಲಾಗದು. ಪುಂಸವನಕರ್ಮವು ಸಂಸ್ಕಾರಗಳಲ್ಲಿ ಎಣಿಸಲ್ಪಟ್ಟಿದೆ. ಗರ್ಭಿಣಿಯ ಬಲ-ಎಡಗಳ ಲಕ್ಷಣಗಳಿಂದ ಗಂಡು-ಹೆಣ್ಣುಗಳನ್ನು ಊಹಿಸುವ ಮಾತುಗಳು ಸಂಹಿತೆಗಳಲ್ಲಿಯೂ ಇವೆ. ಆ ಊಹೆಯು ಅನಿಶ್ಚಿತವಾಗಿದ್ದುದರಿಂದ ಅದರಿಂದ ಹೆಣ್ಣುಗರ್ಭಕ್ಕೆ ಹಾನಿಯಾಗುತ್ತಿರಲಿಲ್ಲ. ಯಂತ್ರವು ಊಹೆಯನ್ನು ನಿಶ್ಚಯವನ್ನಾಗಿ ಮಾಡಿದೊಡನೆ ಅಪೇಕ್ಷೆಯು ಹತ್ಯೆಗೆ ಸಾಧನವಾಯಿತು. ಆರು ವರ್ಷದೊಳಗಿನ ಸಾವಿರ ಗಂಡುಮಕ್ಕಳಿಗೆ ಭಾರತದಲ್ಲಿ ೧೯೯೧ರಲ್ಲಿ ೯೪೫ ಹೆಣ್ಣುಮಕ್ಕಳಿದ್ದರು. ೨೦೦೧ರಲ್ಲಿ ೯೨೭ ಮಾತ್ರ. ಕರ್ನಾಟಕದಲ್ಲಿ ಇದೇ ಅವಧಿಯಲ್ಲಿ ೯೬೦ ಇದ್ದುದು ೯೪೬ಕ್ಕೆ ಇಳಿದು, ೨೦೧೧ರಲ್ಲಿ ೯೪೮ ಆಯಿತು.

ಮಹಾರಾಷ್ಟ್ರವು ೧೯೮೮ರಲ್ಲಿ ತನ್ನದೇ ಕಾಯಿದೆಯನ್ನು ಮಾಡಿತು. ಭಾರತ ಸರಕಾರದ ಕಾಯಿದೆಯು ೧೯೯೪ರಲ್ಲಿ ಅಂಗೀಕೃತವಾಗಿ ೧೯೯೬ರ ಜನವರಿ ೧ರಿಂದ ಜಾರಿಗೆ ಬಂದು, ೨೦೦೩ರಲ್ಲಿ ತಿದ್ದುಪಡಿಯಿಂದ ಬಿಗಿಗೊಂಡಿತು. ಅದರ ಮೇರೆಗೆ ಯಂತ್ರವಿರುವ ಎಡೆಯು ನೋಂದಾಯಿತವಾಗಿರಬೇಕು. ವಿಹಿತವಾದ ಅರ್ಹತೆಯುಳ್ಳ ವೈದ್ಯರೇ ಪರೀಕ್ಷಿಸಬೇಕು. ಪ್ರತಿ ಗರ್ಭಿಣಿಗೂ ಎಫ್ ನಮೂನೆಯನ್ನು ತುಂಬಬೇಕು. ಲಿಂಗವನ್ನು ತಿಳಿಯಲು ಬಯಸುವುದಿಲ್ಲವೆಂದು ಗರ್ಭಿಣಿಯೂ, ತಾನು ಅದನ್ನು ಪತ್ತೆಹಚ್ಚಿಲ್ಲ ಮತ್ತು ತಿಳಿಸಿಲ್ಲವೆಂದು ವೈದ್ಯರೂ ಬರೆದುಕೊಡಬೇಕು. ಬರವಣಿಗೆಯಲ್ಲಿಯ ಲೋಪವನ್ನೂ ಕಾಯಿದೆಯು ಅಪರಾಧದ ಸೂಚನೆಯೆಂದೇ ಎಣಿಸುತ್ತದೆ. ಈ ವಿಧಿಯನ್ನು ಸರ್ವೋಚ್ಚ ನ್ಯಾಯಾಲಯವು ೨೦೧೯ರಲ್ಲಿ ಎತ್ತಿಹಿಡಿಯಿತು. ಮಾತಿನಿಂದಾಗಲಿ ಸಂಜ್ಞೆಯಿಂದಾಗಲಿ ಲಿಂಗವನ್ನು ತಿಳಿಸಕೂಡದೆಂಬ ನಿಷೇಧವು ವೈದ್ಯರಿಗೆ ಮಾತ್ರ ಸೀಮಿತವಾಗದೆ ಎಲ್ಲ ವ್ಯಕ್ತಿಗಳಿಗೂ ಅನ್ವಯಿಸುವುದು. ಹೊರಗೆ ಕಾದಿರುವ ಬಂಧುಗಳು ವೈದ್ಯರನ್ನು ಕೇಳಲು ಅಂಜಿದರೂ ದಾದಿಯನ್ನು ಕೇಳಲು ಅಂಜುವುದಿಲ್ಲ. ಆಗ ಅವಳ ಮೌನವೇ ಕಾಯಿದೆಯ ಕಡೆಯ ಬಾಗಿಲು.

ಶೌಚವೆಂದರೆ ಕೈತೊಳೆದ ನೈರ್ಮಲ್ಯವೆಂಬಷ್ಟೇ ಅರ್ಥವನ್ನು ಹೇಳುವುದು ಸಂಕುಚಿತ. ಧನವಿಷಯಕವಾದ ಶೌಚಕ್ಕೆ ಮನುಸ್ಮೃತಿಯು ಅಗ್ರಸ್ಥಾನವನ್ನಿತ್ತಿದೆ. ಬಂಧುಗಳು ಚಾಚುವ ಹಣಕ್ಕೆ ಕೈಯೊಡ್ಡದಿರುವುದೂ, ಕಂಡುದನ್ನು ನುಡಿಯದಿರುವುದೂ ಇಲ್ಲಿಯ ಶೌಚ. ಒಬ್ಬರಲ್ಲಿ ಇದ್ದು ಇನ್ನೊಬ್ಬರಲ್ಲಿ ಇಲ್ಲದಿದ್ದರೆ ಇದು ಇದ್ದೂ ಇಲ್ಲದಂತೆ. ಚರಕ-ವಾಗ್ಭಟರಿಬ್ಬರೂ ಈ ಗುಣವನ್ನು ಎರಡು ಪಾದಗಳಿಗೂ ಹೇಳಿದುದರ ಔಚಿತ್ಯವು ಇದರಿಂದ ಮನದಟ್ಟಾಗುವುದು.

೮. ಪೂರ್ವಪಕ್ಷ ಮತ್ತು ಸಿದ್ಧಾಂತ

ಇಲ್ಲಿ ಎರಡು ಪೂರ್ವಪಕ್ಷಗಳು ಏಳಬಹುದು. ಕಾಯಿದೆಯ ಮೇರೆಗೆ ಪರೀಕ್ಷೆಯ ಹೊಣೆಯೆಲ್ಲ ವೈದ್ಯರದಾದುದರಿಂದ ಪರಿಚಾರಿಕೆಯು ಉಪಕರಣಮಾತ್ರಳೆಂಬುದು ಮೊದಲನೆಯದು. ಬ್ರಿಟನ್ ಮೊದಲಾದ ದೇಶಗಳಲ್ಲಿ ವೈದ್ಯರಲ್ಲದ ಶಿಕ್ಷಿತರು, ಅವರಲ್ಲಿ ಕೆಲವರು ಪ್ರಸೂತಿದಾದಿಯರು, ಗರ್ಭಿಣಿಯರ ಧ್ವನಿಪರೀಕ್ಷೆಯನ್ನು ತಾವೇ ಮಾಡುತ್ತಿರುವುದರಿಂದ ಇಲ್ಲಿಯೂ ಪ್ರೋಬನ್ನು ಅವಳ ಕೈಗೇ ಕೊಡಬೇಕೆಂಬುದು ಎರಡನೆಯದು. ವೈದ್ಯರು ಸುಲಭವಾಗಿ ದೊರೆಯದ ಗ್ರಾಮಗಳನ್ನು ನೆನೆದರೆ ಈ ಎರಡನೆಯ ಪಕ್ಷಕ್ಕೆ ಬಲವಿಲ್ಲವೆನ್ನಲಾಗದು. ತಡವಾದ ಪರೀಕ್ಷೆಯು ಹಲವೊಮ್ಮೆ ನಿರರ್ಥಕವೂ ಆಗುವುದು: ಶಿಶುವಿನ ಅಂಗವೈಕಲ್ಯಗಳನ್ನು ೧೮ರಿಂದ ೨೦ನೆಯ ವಾರದ ಸುಮಾರಿಗೆ ನೋಡುವುದು ರೂಢಿ, ೨೦೨೧ರಲ್ಲಿ ತಿದ್ದುಪಡಿಯಾದ ಗರ್ಭಪಾತ ಕಾಯಿದೆಯ ಮೇರೆಗೆ ೨೪ ವಾರಗಳ ಬಳಿಕ ವೈದ್ಯಮಂಡಲಿಯ ನಿರ್ಣಯವೇ ಬೇಕಾಗುವುದು.

ಮೊದಲನೆಯ ಪಕ್ಷಕ್ಕೆ ಸಮಾಧಾನವು ಹಿಂದೆಯೇ ಉಕ್ತಪ್ರಾಯವಾಗಿದೆ. ಹೊಣೆಯು ಒಬ್ಬರದಾದ ಮಾತ್ರಕ್ಕೆ ಕರ್ಮವೂ ಒಬ್ಬರದಾಗುವುದಿಲ್ಲ. ಮಣ್ಣು-ಕೋಲುಗಳಿಗೆ ದಾಕ್ಷ್ಯ-ಶೌಚಗಳನ್ನು ಯಾರೂ ವಿಧಿಸುವುದಿಲ್ಲ; ಪರಿಚಾರಕನಿಗೆ ವಿಧಿಸಿರುವುದರಿಂದಲೇ ಅವನು ಚೇತನನಾದ ಸಹಕರ್ತೃವೆಂಬುದು ಶಾಸ್ತ್ರದ ಹೃದಯ. ಕುಂಬಾರನ ದೃಷ್ಟಾಂತವು ವೈದ್ಯಪ್ರಾಧಾನ್ಯವನ್ನು ಹೇಳುವಷ್ಟಕ್ಕೆ ಮಾತ್ರ ಪರಿಮಿತ. ಎರಡನೆಯ ಪಕ್ಷಕ್ಕೆ ಹೇಳತಕ್ಕುದಿಷ್ಟು: ಮಾರ್ಜರಿ ಮಾರಳ ವೃತ್ತಾಂತದಿಂದಲೇ ಸ್ತ್ರೀಪರಿಚಾರಿಕೆಯ ಕೈಗೆ ಈ ವಿದ್ಯೆಯು ಅಸಾಧ್ಯವಲ್ಲವೆಂದು ಸಿದ್ಧವಾಗಿದೆ. ಕಾಯಿದೆಯ ನಿರ್ಬಂಧವು ಅವಳ ದಾಕ್ಷ್ಯದ ಮೇಲಣ ಅವಿಶ್ವಾಸದಿಂದ ಹುಟ್ಟಿದುದಲ್ಲ. ಹೆಣ್ಣುಕೂಸನ್ನು ಬೇಡವೆನ್ನುವ ಸಮಾಜದ ಅಶೌಚದಿಂದ ಹುಟ್ಟಿದುದು. ಭಾರತದಲ್ಲಿ ೨೦೧೮ರಿಂದ ಪ್ರಸೂತಿಸೇವೆಯಲ್ಲಿ ಉನ್ನತ ಶಿಕ್ಷಣ ಪಡೆದ ಪರಿಚಾರಿಕೆಯರನ್ನು ಸಿದ್ಧಪಡಿಸುವ ಮಾರ್ಗವು ತೆರೆದಿದೆ. ಪ್ರೋಬು ಯಾರ ಕೈಯಲ್ಲಿರಬೇಕೆಂಬುದನ್ನು ಮುಂದೆ ಶಾಸನಸಭೆಯು ನಿರ್ಣಯಿಸಲಿ. ಯಾರ ಕೈಯಲ್ಲಿದ್ದರೂ ಕೇಳುವ, ಕಾಯುವ, ಬರೆಯುವ, ಮೌನವಾಗಿರುವ ಎರಡನೆಯ ವ್ಯಕ್ತಿಯೊಬ್ಬಳು ಬಳಿಯಲ್ಲಿರಬೇಕೆಂಬುದು ಸಿದ್ಧಾಂತ.

೯. ಉಪಸಂಹಾರ

ಇದುವರೆಗಿನ ವಿವೇಚನೆಯಿಂದ ಮೂರು ಸಂಗತಿಗಳು ನಿಶ್ಚಿತವಾಗುತ್ತವೆ. ಚಿಕಿತ್ಸೆಯಲ್ಲಿ ವೈದ್ಯನ ಪ್ರಾಧಾನ್ಯವೂ ಪರಿಚಾರಕನ ಸಹಕರ್ತೃತ್ವವೂ ಪರಸ್ಪರ ವಿರುದ್ಧವಲ್ಲವೆಂದು ಪ್ರಾಚೀನ ಸಂಹಿತೆಗಳ ಮತ. ಧ್ವನಿಪರೀಕ್ಷೆಯಂತಹ ನೂತನ ವಿದ್ಯೆಯು ಈ ಸಂಬಂಧವನ್ನು ಶಿಥಿಲಗೊಳಿಸದೆ, ತಿಥಿನಿರ್ಣಯದಿಂದ ಮೌನಪಾಲನೆಯವರೆಗೆ ಹೆಜ್ಜೆಹೆಜ್ಜೆಗೂ ಅದನ್ನೇ ಆಶ್ರಯಿಸಿದೆ. ಆದರೂ ಶಾಸನಗಳಿಂದ ಮೊದಲುಗೊಂಡು ಆಧುನಿಕ ಚರಿತ್ರೆಗಳವರೆಗೆ ವೈದ್ಯನ ಹೆಸರು ಉಳಿದು, ಪರಿಚಾರಿಕೆಯ ಹೆಸರು ಅಳಿಯುತ್ತ ಬಂದಿದೆ.

ಈ ಕಡೆಯ ಸಂಗತಿಯು ಗೌರವದ ಪ್ರಶ್ನೆಯಾಗಿರುವಂತೆ ಹೊಣೆಗಾರಿಕೆಯ ಪ್ರಶ್ನೆಯೂ ಆಗಿದೆ. ತಿಥಿಯನ್ನು ಯಾರು ಕೇಳಿದರು, ಅಳತೆಯನ್ನು ಯಾರು ಬರೆದುಕೊಂಡರು, ಅಪಾಯದ ಸುದ್ದಿಯನ್ನು ಯಾರು ತವರೂರಿಗೆ ಮುಟ್ಟಿಸಿದರು ಎಂಬುದು ಬರಹದಲ್ಲಿಲ್ಲದಿದ್ದರೆ ದೋಷವನ್ನು ತಿದ್ದುವುದೂ ಗುಣವನ್ನು ಮನ್ನಿಸುವುದೂ ಅಸಾಧ್ಯ. ಆದುದರಿಂದ ಆಸ್ಪತ್ರೆಗಳ ದಿನವಹಿಯಲ್ಲಿ ವೈದ್ಯರ ಸಹಿಯ ಬಳಿಯಲ್ಲಿ ಆ ಹೊತ್ತು ಕೋಣೆಯಲ್ಲಿದ್ದ ಪರಿಚಾರಿಕೆಯ ಹೆಸರೂ ಬರೆಯಲ್ಪಡುವುದು ಯುಕ್ತ. ಇದಕ್ಕೆ ವೆಚ್ಚವಿಲ್ಲ, ಒಂದು ಸಾಲಿನ ಬರವಣಿಗೆ ಸಾಕು. ಈ ನಾಡಿನ ಪ್ರಸೂತಿವೈದ್ಯದ ಚರಿತ್ರೆಯನ್ನು ಮುಂದೆ ಬರೆಯುವವರಿಗೆ, ತಿರುಮುಕ್ಕೂಡಲಿನ ಶಾಸನದಲ್ಲಿ ದೊರೆಯದ ಆ ಎರಡು ಹೆಸರುಗಳಂತಹವು ಕಲಘಟಗಿಯ ದಿನವಹಿಯಲ್ಲಾದರೂ ದೊರೆಯುವಂತಾಗಲಿ.